ಎಲ್‌ಇಡಿ ಬಲ್ಬು ಕೊಳ್ಳುವ ಮುನ್ನ

ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಈಚೆಗೆ ಅವರ ಮಗ ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆಂದು ಎದ್ದವರು ಹೊಸ್ತಿಲು ಎಡವಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡಿದ್ದರು. ರಕ್ತದೊತ್ತಡ ಸರಿಯಾಗಿತ್ತು, ಸಕ್ಕರೆ ಹತೋಟಿಯಲ್ಲಿತ್ತು, ತಲೆ ಸುತ್ತಿರಲಿಲ್ಲ. "ಅಲ್ಲಿ ದೀಪ ಇರಲಿಲ್ಲವೇ?" ಎಂದು ಕೇಳಿದೆ. "ಇದೆ ಡಾಕ್ಟ್ರೇ. ಕರೆಂಟ್ ಉಳೀಲಿ ಅಂತ ಮೂರು ವ್ಯಾಟಿನ ಎಲ್‌ಇಡಿ ಹಾಕಿದೀನಿ. ನಮಗೆಲ್ಲ ಚೆನ್ನಾಗೇ ಕಾಣುತ್ತೆ" ಎಂದರು ಮಗ. ತಂದೆ ಮೆಲ್ಲನೆ ಹೇಳಿದರು: "ನಿಮಗೆ ಕಾಣುತ್ತೆ ಕಣಪ್ಪಾ."

ಅವರ ಮಾತು ನಿಜ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಗಟ್ಟಿ ಮಬ್ಬಾಗುತ್ತದೆ. ಇಪ್ಪತ್ತರ ಯುವಕನ ಅಕ್ಷಿಪಟಲ ತಲಪುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಅರವತ್ತರ ವ್ಯಕ್ತಿಯ ಅಕ್ಷಿಪಟಲವನ್ನು ತಲಪುತ್ತದೆ. ಆದ್ದರಿಂದ ಮನೆಯ ದೀಪವನ್ನು ಆರಿಸುವಾಗ ಮನೆಯ ಅತ್ಯಂತ ಹಿರಿಯರ ಕಣ್ಣನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು.

ವ್ಯಾಟ್ ಬಿಡಿ, ಲ್ಯುಮೆನ್ ನೋಡಿ

ತಂತಿಯ ಬಲ್ಬಿನ ಕಾಲದಲ್ಲಿ ನಲವತ್ತು ಕ್ಯಾಂಡಲ್, ಅರವತ್ತು ಕ್ಯಾಂಡಲ್ ಎಂದು ಕೇಳಿ ಕೊಳ್ಳುತ್ತಿದ್ದೆವು. 2015ರಲ್ಲಿ ಕೇಂದ್ರದ 'ಉಜಾಲಾ' ಯೋಜನೆ ಬಂದು, ನಮ್ಮ ರಾಜ್ಯದಲ್ಲಿ 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಎಲ್‌ಇಡಿ ಬಲ್ಬುಗಳು ಮನೆಮನೆ ಸೇರಿದವು. ಆದರೆ ವ್ಯಾಟ್ ಕೇಳುವ ಅಭ್ಯಾಸ ಉಳಿದುಬಿಟ್ಟಿತು. ವ್ಯಾಟ್ ಹೇಳುವುದು ಬಲ್ಬು ಎಷ್ಟು ವಿದ್ಯುತ್ ತಿನ್ನುತ್ತದೆ ಎಂಬುದನ್ನು. ಎಷ್ಟು ಬೆಳಕು ಕೊಡುತ್ತದೆ ಎಂಬುದನ್ನು ಹೇಳುವುದು ಲ್ಯುಮೆನ್. ಇದನ್ನು ಪೆಟ್ಟಿಗೆಯ ಮೇಲೆಯೇ ಮುದ್ರಿಸಿರುತ್ತಾರೆ.

ಹಳೆಯ 60 ವ್ಯಾಟಿನ ಬಲ್ಬು ಸುಮಾರು 700ರಿಂದ 800 ಲ್ಯುಮೆನ್ ಬೆಳಕು ಕೊಡುತ್ತಿತ್ತು. ಅಷ್ಟೇ ಬೆಳಕಿಗೆ ಎಂಟು ಒಂಬತ್ತು ವ್ಯಾಟಿನ ಎಲ್‌ಇಡಿ ಸಾಕು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಗೆ ಸುಮಾರು 2000 ಲ್ಯುಮೆನ್ ಇದ್ದರೆ ಹಿತ. ಗೋಡೆಯ ಬಣ್ಣ ಗಾಢವಾಗಿದ್ದರೆ ಇನ್ನೂ ಸ್ವಲ್ಪ ಹೆಚ್ಚು ಬೇಕು.

ಇನ್ನು ಉಳಿತಾಯದ ಲೆಕ್ಕ. ಮೂರು ವ್ಯಾಟಿನ ಬದಲು ಒಂಬತ್ತು ವ್ಯಾಟಿನ ಬಲ್ಬನ್ನು ದಿನಕ್ಕೆ ಆರು ಗಂಟೆ ಉರಿಸಿದರೆ ಹೆಚ್ಚಾಗುವ ಖರ್ಚು ತಿಂಗಳಿಗೆ ಒಂದು ಯೂನಿಟ್ ಮಾತ್ರ. ಆ ಒಂದು ಯೂನಿಟ್ ಉಳಿಸಲು ಹೋಗಿ ಆ ಮನೆಯವರು ಮುರಿದ ಕೈಗೆ ಆರು ವಾರ ಪಟ್ಟಿ ಕಟ್ಟಿಸಬೇಕಾಯಿತು.

ಬಿಳಿಯೋ, ಹಳದಿಯೋ?

ಪೆಟ್ಟಿಗೆಯ ಮೇಲೆ 2700, 4000, 6500 ಎಂಬ ಅಂಕಿಗಳೂ ಇರುತ್ತವೆ. ಇದು ಕೆಲ್ವಿನ್ ಲೆಕ್ಕದಲ್ಲಿ ಬೆಳಕಿನ ಬಣ್ಣ. 2700ರಿಂದ 3000 ಎಂದರೆ ಹಳೆಯ ಬಲ್ಬಿನಂಥ ಹೊಂಬಣ್ಣ. ಅಂಗಡಿಯಲ್ಲಿ 'ವಾರ್ಮ್ ವೈಟ್' ಎನ್ನುತ್ತಾರೆ. 4000 ಸುಮಾರಿನದು ನಡುವಣ ಬಿಳಿ. 6500 ಎಂದರೆ ನೀಲಿಯ ಛಾಯೆಯುಳ್ಳ ಅಚ್ಚ ಬಿಳುಪು, ಅಂದರೆ 'ಕೂಲ್ ಡೇಲೈಟ್'. ನಮ್ಮ ಅಂಗಡಿಗಳಲ್ಲಿ ಸುಮ್ಮನೆ ಬಲ್ಬು ಕೊಡಿ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಇದೇ.

ಬಿಳಿ ಎಲ್‌ಇಡಿಯ ಒಳಗೆ ಇರುವುದು ನೀಲಿ ಬೆಳಕು ಸೂಸುವ ಚಿಪ್ಪು. ಅದರ ಮೇಲಿನ ಹಳದಿ ಲೇಪ ನೀಲಿಯ ಒಂದು ಪಾಲನ್ನು ಹಳದಿಯಾಗಿಸಿ, ಎರಡೂ ಬೆರೆತು ಬಿಳಿಯಾಗಿ ಕಾಣುತ್ತದೆ. ಈ ನೀಲಿ ಎಲ್‌ಇಡಿಗಾಗಿ ಮೂವರು ವಿಜ್ಞಾನಿಗಳಿಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ನಮ್ಮ ಕಣ್ಣಿನಲ್ಲಿ ನೀಲಿ ಬೆಳಕಿಗೆ ವಿಶೇಷವಾಗಿ ಸ್ಪಂದಿಸುವ ಕೆಲವು ಜೀವಕೋಶಗಳಿವೆ. ಅವು ಮಿದುಳಿಗೆ 'ಇನ್ನೂ ಹಗಲು' ಎಂಬ ಸಂದೇಶ ಕಳಿಸುತ್ತವೆ. ಆಗ ನಿದ್ದೆಗೆ ಅಣಿಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನಿನ ಸ್ರಾವ ತಗ್ಗುತ್ತದೆ. ಮಲಗುವ ಕೋಣೆಯಲ್ಲಿ ರಾತ್ರಿ ಹನ್ನೊಂದರವರೆಗೆ ಪ್ರಖರವಾದ ಬಿಳಿ ದೀಪ ಉರಿಸಿ, ಆಮೇಲೆ ನಿದ್ದೆ ಬಾರದೆಂದು ಮಾತ್ರೆ ಕೇಳುವವರು ಮೊದಲು ದೀಪ ಬದಲಿಸಿ ನೋಡಬೇಕು.

ಮಲಗುವ ಕೋಣೆಗೆ ಹೊಂಬಣ್ಣದ ಬಲ್ಬು ಇರಲಿ. ಅಡುಗೆಮನೆ, ಓದುವ ಮೇಜು, ಬಚ್ಚಲಿಗೆ 4000 ಸುಮಾರಿನದು ಒಳ್ಳೆಯದು. ಮಲಗುವ ಒಂದೆರಡು ಗಂಟೆ ಮುಂಚೆಯೇ ದೊಡ್ಡ ದೀಪ ಆರಿಸಿ ಚಿಕ್ಕದನ್ನು ಹಚ್ಚಿಕೊಳ್ಳಿ.

ಬಣ್ಣ ಸರಿಯಾಗಿ ಕಾಣಬೇಕು

ಪೆಟ್ಟಿಗೆಯ ಮೇಲಿನ ಇನ್ನೊಂದು ಅಂಕಿ ಸಿ.ಆರ್.ಐ. ವಸ್ತುಗಳ ಸಹಜ ಬಣ್ಣವನ್ನು ಬೆಳಕು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದರ ಅಳತೆ ಇದು. 80ಕ್ಕಿಂತ ಕಡಿಮೆ ಬೇಡ, 90 ಇದ್ದರೆ ಉತ್ತಮ. ಸಕ್ಕರೆ ಕಾಯಿಲೆಯವರು ಪಾದದಲ್ಲಿ ಗಾಯ, ಕೆಂಪು ಇದೆಯೇ ಎಂದು ದಿನವೂ ನೋಡಿಕೊಳ್ಳಬೇಕು. ಇನ್ಸುಲಿನ್ ಸಿರಿಂಜಿನ ಗೆರೆ ಕಾಣಬೇಕು, ಒಂದೇ ತೆರನ ಎರಡು ಮಾತ್ರೆಗಳ ವ್ಯತ್ಯಾಸ ತಿಳಿಯಬೇಕು. ಔಷಧಿ ಇಡುವ ಜಾಗದಲ್ಲಿ ಒಳ್ಳೆಯ ದೀಪವಿರಲಿ. ಎಳೆಗೂಸಿನ ಕಾಮಾಲೆಯನ್ನು ಮಾತ್ರ ಯಾವ ಬಲ್ಬಿನ ಕೆಳಗೂ ನಿರ್ಧರಿಸಬೇಡಿ. ಅನುಮಾನವಿದ್ದರೆ ಹಗಲು ಬೆಳಕಿನಲ್ಲಿ ನೋಡಿ, ವೈದ್ಯರಿಗೆ ತೋರಿಸಿ.

ಮಿನುಗುವ ದೀಪ, ನೋಯುವ ತಲೆ

ಅಗ್ಗದ ಬಲ್ಬುಗಳು ಕಣ್ಣಿಗೆ ಕಾಣದಂತೆ ಸೆಕೆಂಡಿಗೆ ನೂರು ಸಲ ಮಿನುಗುತ್ತಿರುತ್ತವೆ. ಇದರಿಂದ ಕೆಲವರಿಗೆ, ಅದರಲ್ಲೂ ಅರೆತಲೆನೋವಿನವರಿಗೆ, ಕಣ್ಣು ದಣಿದು ತಲೆನೋವು ಬರುತ್ತದೆ. ಉರಿಯುವ ಬಲ್ಬಿನತ್ತ ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಪರದೆಯಲ್ಲಿ ದಟ್ಟವಾದ ಕಪ್ಪು ಪಟ್ಟಿಗಳು ಸರಿದಾಡಿದರೆ ಆ ಬಲ್ಬು ಓದುವ ಕೋಣೆಗೆ ಬೇಡ. ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಇರುವುದನ್ನೇ ಕೊಳ್ಳಿ.

ಮಂದ ಬೆಳಕಿನಲ್ಲಿ ಓದಿದರೆ ಮಕ್ಕಳ ಕಣ್ಣು ಹಾಳಾಗುತ್ತದೆಯೇ ಎಂದು ತಾಯಂದಿರು ಕೇಳುತ್ತಾರೆ. ಕಣ್ಣು ದಣಿಯುತ್ತದೆ, ಕಾಯಂ ಹಾನಿಯಾಗುವುದಿಲ್ಲ. ಆದರೂ ಮೇಜಿಗೆ ಬೇರೆ ದೀಪ ಕೊಡಿ. ಬಲಗೈಯಲ್ಲಿ ಬರೆಯುವ ಮಗುವಿಗೆ ಎಡಗಡೆಯಿಂದ ಬೆಳಕು ಬೀಳಲಿ. ಎಲ್‌ಇಡಿಯಿಂದ ಕುರುಡಾಗುತ್ತದೆ ಎಂಬ ಭಯವೂ ಬೇಡ. ಸಾಮಾನ್ಯ ಬಳಕೆಯಲ್ಲಿ ಆರೋಗ್ಯವಂತರಿಗೆ ಇದರಿಂದ ನೇರ ಹಾನಿಯಾಗುತ್ತದೆ ಎನ್ನಲು ಪುರಾವೆಯಿಲ್ಲವೆಂದು ಐರೋಪ್ಯ ಒಕ್ಕೂಟದ ವೈಜ್ಞಾನಿಕ ಸಮಿತಿ 2018ರಲ್ಲಿ ಹೇಳಿತು. ಆದರೆ ಹಸುಗೂಸನ್ನು ಬರಿ ಬಲ್ಬಿನ ನೇರ ಕೆಳಗೆ ಅಂಗಾತ ಮಲಗಿಸಬೇಡಿ; ದೀಪಕ್ಕೆ ಮರೆ ಇರಲಿ.

ಹಿರಿಯರಿರುವ ಮನೆಯಲ್ಲಿ

ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯಲ್ಲಿ, ನೆಲದಿಂದ ಒಂದಡಿ ಎತ್ತರದಲ್ಲಿ, ಹೊಂಬಣ್ಣದ ಚಿಕ್ಕ ದೀಪಗಳು ರಾತ್ರಿಯಿಡೀ ಉರಿಯಲಿ. ಕತ್ತಲೆಗೆ ಹೊಂದಿಕೊಂಡ ವಯಸ್ಸಾದ ಕಣ್ಣಿಗೆ ಒಮ್ಮೆಲೇ ಪ್ರಖರ ದೀಪ ಹಚ್ಚಿದರೆ ಕ್ಷಣಕಾಲ ಏನೂ ಕಾಣದು. ಬಚ್ಚಲಿನೊಳಗೆ ಮಾತ್ರ ಒಂಬತ್ತು ವ್ಯಾಟಿಗೆ ಕಡಿಮೆಯಿಲ್ಲದ ಬಲ್ಬು ಇರಲಿ. ಸ್ವಿಚ್ಚು ಮಲಗಿದಲ್ಲಿಂದಲೇ ಕೈಗೆ ಸಿಗಬೇಕು. ಕರೆಂಟ್ ಹೋದಾಗ ತಾನೇ ಉರಿಯುವ ಬ್ಯಾಟರಿಯ ಬಲ್ಬನ್ನು ಈ ದಾರಿಯಲ್ಲೊಂದು ಹಾಕಿ.

ದೀಪ ಎಷ್ಟೇ ಚೆನ್ನಾಗಿದ್ದರೂ ಮಂಜು ಕವಿದಂತೆ ಕಂಡರೆ ಅದು ಕಣ್ಣಿನ ಪೊರೆ ಇರಬಹುದು. ದೀಪದ ಸುತ್ತ ಬಣ್ಣದ ಬಳೆ ಕಂಡು, ಜೊತೆಗೆ ಕಣ್ಣು ನೋವು, ಕೆಂಪು ಇದ್ದರೆ ಅದು ಗ್ಲಾಕೋಮಾ ಇರಬಹುದು. ಅಂದೇ ಕಣ್ಣಿನ ವೈದ್ಯರನ್ನು ಕಾಣಿ. ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ನಿಮ್ಮ ತಂದೆಯನ್ನೋ ಅತ್ತೆಯನ್ನೋ ಒಮ್ಮೆ ಕೇಳಿ: "ನಿಮಗೆ ಸರಿಯಾಗಿ ಕಾಣುತ್ತದೆಯೇ?" ಅವರ ಉತ್ತರ ಕೇಳಿಕೊಂಡು ಅಂಗಡಿಗೆ ಹೋಗಿ.