ಜೀಪಿನ ಹೀಟರ್ ಬೆಚ್ಚಗಾಗದಿದ್ದರೆ ಮೊದಲು ಎರಡು ಪೈಪು ಮುಟ್ಟಿ ನೋಡಿ

ಹೋದ ಜನವರಿ ರಜೆಯಲ್ಲಿ ನಾವು ನಾಲ್ಕು ಜನ ಒಂದು ಹಳೇ ಡೀಸೆಲ್ ಜೀಪು ತಗೊಂಡು ಮನಾಲಿ ತನಕ ಹೋಗಿದ್ವಿ. ಜೀಪು ನಮ್ಮಲ್ಲೊಬ್ಬನ ಮಾವನದು. ಹದಿನೆಂಟು ವರ್ಷ ರಾಯಚೂರಿನ ಬಿಸಿಲಲ್ಲೇ ಓಡಿದ ಗಾಡಿ. ಅದರಲ್ಲಿ ಹೀಟರ್ ಅಂತ ಒಂದಿದೆ ಅನ್ನೋದೇ ಮನೆಯವರಿಗೆ ಮರೆತುಹೋಗಿತ್ತು. ಅಟಲ್ ಸುರಂಗ ದಾಟಿ ಲಾಹೌಲ್ ಕಡೆ ಹೊರಬಿದ್ದ ಮೇಲೆ ನಮಗೆ ಅದರ ನೆನಪಾಯ್ತು. ನಮ್ಮ ಉಸಿರೇ ಮುಂದಿನ ಗಾಜಿನ ಒಳಗೆ ಮಂಜಾಗಿ ಕಟ್ಟಿಕೊಳ್ತಿತ್ತು. ಹೀಟರ್ ಫುಲ್ ತಿರುಗಿಸಿದರೂ ಬರ್ತಿದ್ದದ್ದು ತಣ್ಣನೆ ಗಾಳಿ. ಒಬ್ಬ ಬಟ್ಟೆಯಲ್ಲಿ ಗಾಜು ಒರೆಸ್ತಾ, ಇನ್ನೊಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿ ದಾರಿ ಹೇಳ್ತಾ ಹೊರಟ್ವಿ. ಎದುರಿಗೆ ಬಂದ ಲಾರಿ ಹಾರ್ನ್ ಹೊಡೆದಾಗಲೇ ಅದು ಅಲ್ಲಿದೆ ಅಂತ ಗೊತ್ತಾಗಿದ್ದು. ಅಲ್ಲಿಂದಲೇ ವಾಪಸ್ಸು.

ಮನಾಲಿಯಲ್ಲಿ ಹೊಸ ಹೀಟರ್ ಹಾಕಿಸೋಣ ಅಂತ ಒಂದು ಗ್ಯಾರೇಜಿಗೆ ಹೋದ್ವಿ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, ಎರಡು ದಿನದ ಕೆಲಸ ಅಂದರು. ಪುಣ್ಯಕ್ಕೆ ಪಾರ್ಟ್ ಸಿಗಲಿಲ್ಲ. ಸಿಕ್ಕಿದ್ದಿದ್ರೆ ಹಾಕಿಸಿಬಿಡ್ತಿದ್ವಿ, ದುಡ್ಡೂ ಹೋಗ್ತಿತ್ತು, ಚಳಿಯೂ ಹಾಗೇ ಇರ್ತಿತ್ತು. ಯಾಕಂದ್ರೆ ದೊಡ್ಡ ತಪ್ಪು ಇದ್ದದ್ದು ಹೀಟರಲ್ಲಿ ಅಲ್ಲ.

ಹೀಟರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರ್

ಇಂಜಿನ್ ಸುತ್ತ ಹರಿದು ಬಿಸಿಯಾದ ಕೂಲಂಟಿನ ಒಂದು ಪಾಲು ಡ್ಯಾಶ್‌ಬೋರ್ಡ್ ಹಿಂದಿರೋ ಸಣ್ಣ ಕೋರಿನೊಳಗೆ ಹೋಗಿ ವಾಪಸ್ ಬರುತ್ತೆ. ಬ್ಲೋವರ್ ಆ ಕೋರಿನ ಮೂಲಕ ಗಾಳಿ ಊದುತ್ತೆ. ಅಷ್ಟೇ ಕಥೆ. ಹಾಗಾಗಿ ಹೀಟರ್ ಸೋಲೋದಕ್ಕೆ ಮೂರೇ ಕಾರಣ: ನೀರು ಬಿಸಿ ಇಲ್ಲ, ಬಿಸಿ ನೀರು ಹರೀತಿಲ್ಲ, ಅಥವಾ ಗಾಳಿ ಸರಿಯಾಗಿ ಹಾಯ್ತಿಲ್ಲ.

ಒಂದು ಲೆಕ್ಕ ಹಾಕೋಣ. ಗಂಟೆಗೆ 200 ಘನ ಮೀಟರ್ ಗಾಳಿಯನ್ನು 0 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಬೇಕು ಅಂದ್ಕೊಳ್ಳಿ. ಘನ ಮೀಟರಿಗೆ 1.2 ಕೆ.ಜಿ. ಹಿಡಿದರೆ 240 ಕೆ.ಜಿ. ಗಾಳಿ, ಬೇಕಾಗೋ ಶಾಖ ಸುಮಾರು 2.7 ಕಿಲೋವ್ಯಾಟ್. ಈಗ ನಿಂತಲ್ಲೇ ಐಡ್ಲಿಂಗ್‌ನಲ್ಲಿರೋ ಡೀಸೆಲ್ ಇಂಜಿನ್ ನೋಡಿ. ಗಂಟೆಗೆ 0.7 ಲೀಟರ್ ಕುಡೀತು ಅಂದರೆ, ಲೀಟರಿಗೆ 36 ಮೆಗಾಜೂಲ್ ಲೆಕ್ಕದಲ್ಲಿ ಒಟ್ಟು ಶಕ್ತಿಯೇ 7 ಕಿಲೋವ್ಯಾಟ್. ಅದರಲ್ಲಿ ಮೂರನೇ ಒಂದು ಭಾಗ ಕೂಲಂಟಿಗೆ ಬಂದರೂ 2.3 ಕಿಲೋವ್ಯಾಟ್. ನಮಗೆ ಬೇಕಾದ್ದಕ್ಕಿಂತ ಕಮ್ಮಿ!

ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಇಂಜಿನ್ನಿನ ಹಾಗೆ ಗಾಳಿ ತಡೆಯೋ ಥ್ರಾಟಲ್ ಸಾಮಾನ್ಯವಾಗಿ ಇರಲ್ಲ. ಐಡ್ಲಿಂಗ್‌ನಲ್ಲೂ ಸಿಲಿಂಡರ್ ತುಂಬಾ ಗಾಳಿ ಎಳ್ಕೊಂಡು, ಚೂರೇ ಚೂರು ಇಂಧನ ಸುಡುತ್ತೆ. ಹಾಗಾಗಿ ಅರ್ಧ ಗಂಟೆ ಗಾಡಿ ನಿಲ್ಲಿಸಿಕೊಂಡು ಬಿಸಿಯಾಗಲಿ ಅಂತ ಕಾಯೋದು ದಂಡ. ಸ್ವಲ್ಪ ಹೊತ್ತು ಬಿಟ್ಟು ನಿಧಾನಕ್ಕೆ ಓಡಿಸಿದರೆ ಬೇಗ ಬಿಸಿಯಾಗುತ್ತೆ. ಆದರೆ ಗಾಜು ಸ್ಪಷ್ಟವಾಗೋ ತನಕ ಹೊರಡಬೇಡಿ.

ಎರಡು ಪೈಪಿನ ಪರೀಕ್ಷೆ

ಇಂಜಿನ್ ಕಡೆಯಿಂದ ಕ್ಯಾಬಿನ್ನಿನ ಗೋಡೆಯೊಳಗೆ ಹೋಗೋ ಎರಡು ರಬ್ಬರ್ ಹೋಸ್ ಪೈಪು ಕಾಣುತ್ತೆ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದು, ಹೀಟರ್ ಫುಲ್ ಇಟ್ಟು, ಎರಡರ ತಾಪಮಾನ ನೋಡಿ. ಲ್ಯಾಬಿನ ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ಒಳ್ಳೇದು, ಇಲ್ಲದಿದ್ರೆ ಕೈಯೇ ಸಾಕು. ಫ್ಯಾನು, ಬೆಲ್ಟ್ ಹತ್ತಿರ ಮಾತ್ರ ಕೈ ಹಾಕಬೇಡಿ.

ಎರಡೂ ಉಗುರುಬೆಚ್ಚಗೆ ಇದ್ದರೆ ಇಂಜಿನ್ನೇ ಬಿಸಿಯಾಗಿಲ್ಲ. ಒಂದು ಸುಡ್ತಾ ಇದ್ದು ಇನ್ನೊಂದು ತಣ್ಣಗಿದ್ದರೆ ಕೋರಿನೊಳಗೆ ಹರಿವು ಇಲ್ಲ. ಎರಡೂ ಸುಡ್ತಿದ್ದು ಗಾಳಿ ಮಾತ್ರ ತಣ್ಣಗಿದ್ದರೆ ತೊಂದರೆ ಗಾಳಿ ಕಡೆ.

ನಮ್ಮ ಜೀಪಲ್ಲಿ ಕ್ಯಾಂಪಸ್ಸಿಗೆ ಬಂದು ಅಳೆದಾಗ ಒಳಹೋಗೋ ಪೈಪು 56 ಡಿಗ್ರಿ, ಹೊರಬರೋದು 34. ಅಂದರೆ ಎರಡು ತಪ್ಪು ಒಟ್ಟಿಗೆ ಇದ್ವು.

ಮೊದಲ ತಪ್ಪು: ಇರಬೇಕಾದ್ದು ಇರಲೇ ಇಲ್ಲ

ಥರ್ಮೋಸ್ಟಾಟ್ ಬದಲಿಸೋಣ ಅಂತ ಅದರ ಮುಚ್ಚಳ ಬಿಚ್ಚಿದ್ವಿ. ಒಳಗೆ ಥರ್ಮೋಸ್ಟಾಟೇ ಇಲ್ಲ! ಮಾವನಿಗೆ ಫೋನ್ ಮಾಡಿದ್ರೆ, "ಅದಾ? ಬ್ಯಾಸಿಗ್ಯಾಗ ಗಾಡಿ ಕುದೀತಿತ್ತಪಾ, ಮೆಕ್ಯಾನಿಕ್ ತಗದು ಒಗದಾನ" ಅಂದ್ರು.

ಬಿಸಿಲು ನಾಡಲ್ಲಿ ಇದು ಎಷ್ಟೋ ಕಡೆ ಮಾಡೋ ಕೆಲಸ. ಥರ್ಮೋಸ್ಟಾಟ್ ಇಂಜಿನ್ ಬಿಸಿಯಾಗೋ ತನಕ ರೇಡಿಯೇಟರಿನ ದಾರಿ ಮುಚ್ಚಿರುತ್ತೆ. ಅದರ ಮೇಲೆ 82 ಅಂತ ಒತ್ತಿದ್ದರೆ ಸುಮಾರು 82 ಡಿಗ್ರಿಗೆ ತೆರೆಯೋಕೆ ಶುರು ಮಾಡುತ್ತೆ. ತೆಗೆದುಬಿಟ್ಟರೆ ನೀರು ಯಾವಾಗಲೂ ರೇಡಿಯೇಟರಿಗೇ ಓಡುತ್ತೆ, ಚಳೀಲಿ ಇಂಜಿನ್ ಬಿಸಿಯೇ ಆಗಲ್ಲ. ಮೀಟರಿನ ಮುಳ್ಳು ಕೆಳಗೇ ಇದ್ದದ್ದು ನೋಡಿ "ಇಂಜಿನ್ ಕೂಲ್ ಆಗಿದೆ, ಒಳ್ಳೇದು" ಅಂತ ನಾವೂ ಖುಷಿಪಟ್ಟಿದ್ವಿ. ತಣ್ಣನೆ ಓಡೋ ಇಂಜಿನ್ ಡೀಸೆಲ್ಲೂ ಜಾಸ್ತಿ ಕುಡಿಯುತ್ತೆ, ಬೇಗ ಸವೆಯುತ್ತೆ.

ಹೊಸ ಥರ್ಮೋಸ್ಟಾಟ್ ಹಾಕೋ ಮುಂಚೆ ಪರೀಕ್ಷೆ ಮಾಡಿ. ಪಾತ್ರೆಯ ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ. ತೆರೆಯೋ ಹೊತ್ತಿನ ಡಿಗ್ರಿ ಬರೆದಿಟ್ಟುಕೊಳ್ಳಿ.

ಎರಡನೇ ತಪ್ಪು: ಬೋರ್‌ವೆಲ್ ನೀರು

ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದ ಕೋರಿನಲ್ಲಿ ಸುಣ್ಣ, ತುಕ್ಕು ಕಟ್ಟಿತ್ತು. ಕೋರ್ ಬಿಚ್ಚೋ ಬದಲು ಎರಡೂ ಪೈಪು ಕಳಚಿ ನಲ್ಲಿ ನೀರು ಬಿಟ್ವಿ. ಅದೇ ನಲ್ಲಿ 10 ಲೀಟರ್ ಬಕೆಟ್ಟನ್ನು ನೇರವಾಗಿ 50 ಸೆಕೆಂಡಲ್ಲಿ ತುಂಬಿಸಿದರೆ, ಕೋರಿನ ಮೂಲಕ ಎರಡೂವರೆ ನಿಮಿಷ ತಗೊಳ್ತು. ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ (ಅಂಗಡೀಲಿ ನಿಂಬೆಉಪ್ಪು ಅಂತ ಕೇಳಿ) ಕಲಸಿ ಅರ್ಧ ಗಂಟೆ ಒಳಗೆ ಬಿಟ್ವಿ. ಆಮೇಲೆ ಹರಿವಿನ ಉಲ್ಟಾ ದಿಕ್ಕಲ್ಲಿ, ಕಡಿಮೆ ಒತ್ತಡದಲ್ಲಿ ಚೆನ್ನಾಗಿ ತೊಳೆದ್ವಿ. ಒತ್ತಡ ಜಾಸ್ತಿ ಕೊಟ್ಟರೆ ಹಳೇ ಕೋರ್ ಒಡೆಯುತ್ತೆ. ಕೆಂಪು ಕೆಸರು ನಿಂತ ಮೇಲೆ ಬಕೆಟ್ 65 ಸೆಕೆಂಡಲ್ಲಿ ತುಂಬ್ತು.

ಕೋರ್ ಬಿಚ್ಚೋಕೆ ಮುಂಚೆ ಹೀಟರ್ ವಾಲ್ವಿನ ಕೇಬಲ್ಲನ್ನೂ ನೋಡಿ. ಕ್ಲಿಪ್ ಜಾರಿದ್ದರೆ ನಾಬ್ ತಿರುಗುತ್ತೆ, ವಾಲ್ವ್ ತಿರುಗಲ್ಲ. ಕೂಲಂಟ್ ತುಂಬುವಾಗ ಗಾಡಿಯ ಮೂತಿ ಏರಿನ ಕಡೆ ಇರಲಿ. ಕೋರಿನಲ್ಲಿ ಗಾಳಿ ಸಿಕ್ಕಿಕೊಂಡರೂ ಹೀಟರ್ ತಣ್ಣಗೇ ಇರುತ್ತೆ.

ಗಾಳಿ ಕಡೆ

ಬ್ಲೋವರಿನೊಳಗೆ ಒಣಗಿದ ಎಲೆ, ಇಲಿ ಗೂಡು ಇದೆಯಾ ನೋಡಿ. ಬಿಸಿ-ತಣ್ಣನೆ ಬೆರೆಸೋ ಫ್ಲಾಪ್ ಪೂರ್ತಿ ತಿರುಗ್ತಿದೆಯಾ ನೋಡಿ. ಮೋಟಾರಿನ ಎರಡು ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಗಿಂತ ತುಂಬಾ ಕಮ್ಮಿ ಇದ್ದರೆ ಅರ್ಥಿಂಗ್ ಉಜ್ಜಿ. ಬಾಗಿಲಿನ ರಬ್ಬರ್ ಹರಿದಿದ್ದರೆ ಎಷ್ಟು ಬಿಸಿ ಬಂದರೂ ಸಾಲದು.

ಜೋಪಾನ

ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ಬಿಚ್ಚಲೇಬೇಡಿ. 3,000 ಮೀಟರ್ ಎತ್ತರದಲ್ಲಿ ಬರೀ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತೆ, ಆದ್ದರಿಂದ ಒತ್ತಡ ಹಿಡಿಯೋ ಒಳ್ಳೇ ಮುಚ್ಚಳ ಬೇಕು. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿದರೆ ಸುಮಾರು ಮೈನಸ್ 37 ಡಿಗ್ರಿ ತನಕ ಹೆಪ್ಪುಗಟ್ಟಲ್ಲ. ಬರೀ ನೀರಿದ್ದರೆ ಹಿಗ್ಗಿ ಇಂಜಿನ್ ಬ್ಲಾಕೇ ಸೀಳಬಹುದು. ನಾವು ಬರೀ ನೀರಲ್ಲೇ ಹೋಗಿದ್ವಿ ಅಂತ ಈಗ ನೆನೆಸಿಕೊಂಡರೆ ಮೈ ನಡುಗುತ್ತೆ. ಹಳೇ ಕೂಲಂಟ್ ವಿಷ, ರುಚಿ ಸಿಹಿ. ನಾಯಿಗಳು ನೆಕ್ಕೋ ಕಡೆ ಚೆಲ್ಲಬೇಡಿ.

ಎಲ್ಲಾ ಮುಗಿದ ಮೇಲೆ ಬೆಳಗಿನ ಚಳೀಲಿ ಓಡಿಸಿ ಅಳೆದ್ವಿ: ಒಳಹೋಗೋ ಪೈಪು 83, ಹೊರಬರೋದು 71, ಗಾಳಿ 58 ಡಿಗ್ರಿ. ಹೊಸ ಹೀಟರಿನ ಖರ್ಚಿನಲ್ಲಿ ಕಾಲು ಭಾಗವೂ ಆಗಲಿಲ್ಲ.

ರಾಯಚೂರಿನ ಮೆಕ್ಯಾನಿಕ್ಕನ್ನು ಬೈಯ್ಯೋದು ಸುಲಭ. ಆದರೆ ಅವತ್ತು ಗಾಡಿ ಕುದೀತಿದ್ದದ್ದು ನಿಜ. ರೇಡಿಯೇಟರ್ ಬಿಚ್ಚಿ ನೋಡಿದರೆ ಅದರಲ್ಲೂ ಅದೇ ಸುಣ್ಣ. ಅದನ್ನು ತೊಳೆಯೋ ಬದಲು ಥರ್ಮೋಸ್ಟಾಟ್ ತೆಗೆದಿದ್ದಕ್ಕೆ ಕುದಿಯೋದು ನಿಂತಿತು, ಸುಣ್ಣ ಉಳಿದುಕೊಂಡಿತು. ನಾವೂ ಮನಾಲಿಯಲ್ಲಿ ಅದನ್ನೇ ಮಾಡೋಕೆ ಹೊರಟಿದ್ವಲ್ಲ, ಅಳೆಯದೇ ಪಾರ್ಟ್ ಬದಲಿಸೋಕೆ.

ರೇಡಿಯೇಟರ್ ಈಗ ತೊಳೆದಾಗಿದೆ, ಏಪ್ರಿಲ್ ಬಿಸಿಲಲ್ಲಿ ಮಾವ ಓಡಿಸಿ ನೋಡಿದ್ದಾರೆ, ಕುದ್ದಿಲ್ಲ. ಬರೋ ಜನವರಿಗೆ ಜೀಪು ಮತ್ತೆ ಕೊಡ್ತೀನಿ ಅಂದಿದ್ದಾರೆ. ನಿಮ್ಮ ಹತ್ರ ಇಂಥದ್ದೇ ಹಳೇ ಗಾಡಿ ಇದ್ದರೆ ಶನಿವಾರ ವರ್ಕ್‌ಶಾಪಿನ ಹಿಂದೆ ತನ್ನಿ. ಥರ್ಮಾಮೀಟರ್ ನಮ್ಮ ಹತ್ರ ಇದೆ, ಬಕೆಟ್ ನೀವೇ ತರಬೇಕು.