ಕೋರ್ಟ್ ಮೆಟ್ಟಿಲು ಹತ್ತುವ ಮುನ್ನ

ಕೊಂಕಲ್‌ನಿಂದ ಯಾದಗಿರಿಯ ಕೋರ್ಟಿಗೆ ಜೀವನಾಂಶ ಕೇಳಲು ಹೋಗುವ ಹೆಣ್ಣುಮಗಳಿಗೂ, ನಗರದ ಗೃಹಿಣಿಗೂ ಎದುರಾಗುವ ಪ್ರಶ್ನೆ ಒಂದೇ: ಗಂಡನ ಸಂಪಾದನೆ ಎಷ್ಟು, ಪುರಾವೆ ಏನು? ಅಲ್ಲಿ ಕಣ್ಣೀರಿಗಿಂತ ಕಾಗದಕ್ಕೇ ಬೆಲೆ.

ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ, ರಜನೀಶ್-ನೇಹಾ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಮನೆಯಲ್ಲೇ ಬಟ್ಟೆ ಹೊಲಿದು ನೀವು ಗಳಿಸುವ ಎರಡು ಸಾವಿರವನ್ನೂ ಮುಚ್ಚಿಡಬೇಡಿ. ಒಂದು ಸುಳ್ಳು ಬಯಲಾದರೆ ನಿಮ್ಮ ಹತ್ತು ನಿಜಗಳನ್ನೂ ಯಾರೂ ನಂಬೋದಿಲ್ಲ. ಸುಳ್ಳು ಪ್ರಮಾಣಕ್ಕೆ ಶಿಕ್ಷೆಯೂ ಉಂಟು.

ಇಂದೇ ಒಂದು ಫೈಲ್ ಮಾಡಿ. ಲಗ್ನಪತ್ರಿಕೆ, ಮದುವೆ ಫೋಟೊ, ಮಕ್ಕಳ ಜನನ ಪತ್ರ, ಶಾಲೆ ಫೀಸಿನ ರಸೀದಿ, ಬ್ಯಾಂಕ್ ಪಾಸ್‌ಬುಕ್, ಬಾಡಿಗೆ, ಔಷಧಿ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಗಂಡನ ಸಂಬಳ ಚೀಟಿ ಸಿಗದಿದ್ದರೆ ಅವರು ಕೆಲಸ ಮಾಡುವ ಜಾಗದ ವಿಳಾಸ ಬರೆದಿಡಿ. ಹೊಲವಿದ್ದರೆ ನಾಡಕಚೇರಿಯಲ್ಲಿ ಪಹಣಿ ತೆಗೆಸಿ. ಮೊಬೈಲ್‌ನ ಮೆಸೇಜ್‌ಗಳನ್ನು ಅಳಿಸಬೇಡಿ. ಎಲ್ಲದರ ಜೆರಾಕ್ಸ್ ತವರಿನಲ್ಲೂ ಒಂದಿರಲಿ.

ವಕೀಲರ ಫೀಸಿನ ಚಿಂತೆಯೇ? ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಫೈಲ್ ಕೈಯಲ್ಲಿದ್ದರೆ ಅರ್ಧ ಧೈರ್ಯ ಬಂದಂತೆಯೇ!