ಕೈತೊಳೆಯುವ ಬೇಸಿನ್ನೂ ಅದರ ಕೆಳಗಿನ ಖಾನೆಗಳೂ

ಆದವಾನಿ, ಎಮ್ಮಿಗನೂರುಗಳಲ್ಲಿಯೂ, ಆಲೂರು, ಹೊಳಗುಂದಗಳಂತಹ ಗಡಿಯ ಊರುಗಳಲ್ಲಿಯೂ ಈಚೆಗೆ ಏಳುತ್ತಿರುವ ಮನೆಗಳಲ್ಲಿ ಕೈತೊಳೆಯುವ ಬೇಸಿನ್ನನ್ನು ಬರಿಯ ಗೋಡೆಗೆ ತೂಗುಹಾಕುವ ಪದ್ಧತಿ ಕಡಿಮೆಯಾಗುತ್ತಿದೆ. ಕಡಪಾ ಕಲ್ಲಿನ ಒಂದು ಹಲಗೆಯ ಮೇಲೆ ಬೇಸಿನ್ನನ್ನು ಕೂಡಿಸಿ, ಅದರ ಅಡಿಯಲ್ಲಿ ಪ್ಲೈವುಡ್ಡಿನ ಪೆಟ್ಟಿಗೆಯನ್ನು ಕಟ್ಟಿಸಿ, ಸೋಪು, ಬಾಚಣಿಗೆ, ಟವಲುಗಳನ್ನಿಡಲು ಎಳೆಯುವ ಖಾನೆಗಳನ್ನು ಮಾಡಿಸುತ್ತಾರೆ. ನಾವು ಡ್ರಾಯರೆಂದೂ ನಮ್ಮ ನೆರೆಯ ತೆಲುಗಿನವರು ಸೊರುಗು ಎಂದೂ ಕರೆಯುವುದು ಈ ಖಾನೆಗಳನ್ನೇ. ನೋಟಕ್ಕೆ ಇದು ಚೆನ್ನಾಗಿಯೇ ಇರುತ್ತದೆ. ಆದರೆ ಬೇಸಿನ್ನಿನ ಕೊಳೆನೀರು ಇಳಿಯುವ ಪೈಪಿಗೂ ಬೇಕಾದುದು ಅದೇ ಜಾಗವಷ್ಟೆ. ಬಡಗಿಗೆ ಪೈಪು ಅಡ್ಡವಾಗುತ್ತದೆ, ಪ್ಲಂಬರನಿಗೆ ಖಾನೆ ಅಡ್ಡವಾಗುತ್ತದೆ. ಈ ತಿಕ್ಕಾಟದಲ್ಲಿ ಸಾಮಾನ್ಯವಾಗಿ ಸೋಲುವುದು ಪೈಪಿನಲ್ಲಿರುವ ಬಾಗು. ಜಾಗ ಸಾಲದೆಂದು ಬಾಗನ್ನು ನೆಟ್ಟಗೆ ಮಾಡಿಬಿಡುತ್ತಾರೆ. ಆ ಬಾಗು ಏತಕ್ಕೆ ಇದೆಯೆಂಬುದನ್ನು ತಿಳಿದವರು ಹಾಗೆ ಮಾಡಲಾರರು. ಆದುದರಿಂದ ಅದನ್ನೇ ಮೊದಲು ವಿವರಿಸುತ್ತೇವೆ.

ಹಿಂದಿನ ಮನೆಗಳ ಬಚ್ಚಲಿಗೆ ಬಾಗು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಚ್ಚಲಿನ ನೀರು ತೂಬಿನಿಂದ ಹೊರಬಿದ್ದು, ಹಿತ್ತಲಿನ ಬಾಳೆಯ ಬುಡಕ್ಕೋ ತೆಂಗಿನ ಪಾತಿಗೋ ತೆರೆದ ಕಾಲುವೆಯಲ್ಲಿ ಹರಿದುಹೋಗುತ್ತಿತ್ತು. ಬಿಸಿಲು ಗಾಳಿಗಳೇ ಅದನ್ನು ಶುಚಿಮಾಡುತ್ತಿದ್ದುವು. ಈಗ ಹಾಗಲ್ಲ. ಬೇಸಿನ್ನಿನ ಪೈಪು ಮುಚ್ಚಿದ ಪೈಪುಗಳ ಮೂಲಕ ಶೌಚದ ಗುಂಡಿಯವರೆಗೂ ಅಥವಾ ಬೀದಿಯ ಚರಂಡಿಯವರೆಗೂ ಹೋಗಿ ಮುಟ್ಟುತ್ತದೆ. ನೀರು ಹೋಗುವ ದಾರಿಯಿದ್ದಲ್ಲಿ ಗಾಳಿ ಬರುವ ದಾರಿಯೂ ಇರುತ್ತದೆ. ಗುಂಡಿಯಲ್ಲಿ ಕೊಳೆತ ವಸ್ತುವಿನ ದುರ್ವಾಸನೆ, ವಿಷವಾಯು, ಜಿರಲೆಗಳು ಎಲ್ಲವೂ ಅದೇ ಪೈಪಿನಲ್ಲಿ ಏರಿ ನಮ್ಮ ಮುಖದ ಬಳಿಗೇ ಬರಬಲ್ಲವು. ನೀರನ್ನು ಹೋಗಗೊಟ್ಟು ಗಾಳಿಯನ್ನು ಬರಗೊಡದ ಒಂದು ಬಾಗಿಲು ಅವಶ್ಯವಾಯಿತು.

ಆ ಬಾಗಿಲನ್ನು ನೀರಿನಿಂದಲೇ ಮಾಡಿದುದು ಬುದ್ಧಿವಂತಿಕೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಗಡಿಯಾರಗಳನ್ನು ಮಾಡುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬಾತನು ೧೭೭೫ ರಲ್ಲಿ ನೀರು ಹಾಯಿಸುವ ಶೌಚಪೀಠಕ್ಕೆ ಪೇಟೆಂಟು ಪಡೆದಾಗ, ಅದರ ಅಡಿಯ ಪೈಪನ್ನು ಹಾವಿನಂತೆ ಬಳುಕಿಸಿದ್ದನು. ಬಾಗಿನ ತಗ್ಗಿನಲ್ಲಿ ಸ್ವಲ್ಪ ನೀರು ಯಾವಾಗಲೂ ನಿಂತಿರುತ್ತದೆ. ಮೇಲಿನಿಂದ ಹೊಸನೀರು ಬಂದರೆ ಹಳೆಯದನ್ನು ಮುಂದಕ್ಕೆ ತಳ್ಳಿ, ತಾನು ಅಲ್ಲಿ ನಿಲ್ಲುತ್ತದೆ. ಕೆಳಗಿನಿಂದ ಗಾಳಿ ಬಂದರೆ ನೀರನ್ನು ದಾಟಲಾರದೆ ಹಿಂದಿರುಗುತ್ತದೆ. ಇದಕ್ಕೆ ಟ್ರ್ಯಾಪ್ ಎಂದು ಹೆಸರು. ನಮ್ಮ ಬಚ್ಚಲುಮನೆಗಳ ನೆಲದಲ್ಲಿ ಜಾಲರಿಯ ಕೆಳಗೆ ಕೂಡಿಸುವ ನಹಾನಿ ಟ್ರ್ಯಾಪ್ ಕೂಡ ಇದೇ ಜಾತಿಯದು. ಸ್ನಾನಮಾಡುವುದೆಂಬ ಅರ್ಥದ ಹಿಂದೀ ಮಾತಿನ ನೆಂಟಸ್ತನ ಆ ಹೆಸರಿಗಿದೆ.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಿ ನೋಡಬಹುದು. ಮನೆ ಕಟ್ಟುವ ಮೇಸ್ತ್ರಿಗಳು ಮಟ್ಟ ನೋಡಲು ಉಪಯೋಗಿಸುವ ಪಾರದರ್ಶಕ ಪೈಪಿನ ಒಂದು ಮೊಳದ ತುಂಡು ಸಾಕು. ಅದನ್ನು ಜೋಕಾಲಿಯಂತೆ ಬಾಗಿಸಿ ಹಿಡಿದು, ಶುದ್ಧವಾದ ನೀರನ್ನು ಸ್ವಲ್ಪ ಹಾಕಿರಿ. ಎರಡು ಕಡೆಯ ಮಟ್ಟವೂ ಸಮನಾಗಿ ನಿಲ್ಲುತ್ತದೆ. ಒಂದು ತುದಿಯಲ್ಲಿ ಮೆಲ್ಲಗೆ ಊದಿರಿ. ಒಂದು ಕಡೆ ನೀರು ತಗ್ಗಿ ಇನ್ನೊಂದು ಕಡೆ ಏರುತ್ತದೆಯೇ ಹೊರತು ಗಾಳಿ ಆಚೆಗೆ ಹೋಗುವುದಿಲ್ಲ. ಇನ್ನಷ್ಟು ಬಲವಾಗಿ ಊದಿದರೆ ಗುಳುಗುಳು ಎಂದು ಗುಳ್ಳೆಗಳು ದಾಟಿಬಿಡುತ್ತವೆ. ಅಂದರೆ ಈ ಬಾಗಿಲಿಗೆ ಬಲವಿದೆ, ಆದರೆ ಬಹಳ ಬಲವಿಲ್ಲ. ವಾತಾವರಣದ ಒತ್ತಡವು ಸುಮಾರು ೧೦.೩ ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮನೆಂದು ಎಂಟು ಒಂಬತ್ತನೆಯ ತರಗತಿಯವರು ಓದಿರುವಿರಿ. ಟ್ರ್ಯಾಪಿನಲ್ಲಿ ನಿಲ್ಲುವ ನೀರಿನ ಆಳ ೫೦ ಮಿಲಿಮೀಟರ್. ಭಾಗಾಕಾರ ಮಾಡಿ ನೋಡಿರಿ: ಪೈಪಿನೊಳಗಿನ ಒತ್ತಡವು ವಾತಾವರಣದ ಒತ್ತಡಕ್ಕಿಂತ ೨೦೦ ರಲ್ಲಿ ಒಂದು ಪಾಲು ಕಡಿಮೆಯಾದರೆ ಸಾಕು, ನೀರು ಹೀರಲ್ಪಟ್ಟು ಬಾಗಿಲು ತೆರೆದುಹೋಗುತ್ತದೆ. ಆದುದರಿಂದಲೇ ಈ ಆಳವು ೫೦ ಮಿ.ಮೀ.ಗಿಂತ ಕಡಿಮೆಯಿರಬಾರದು, ಬೇಸಿನ್ನಿನಂತಹ ಸಣ್ಣ ಪೈಪಿಗೆ ೭೫ ಮಿ.ಮೀ. ಇದ್ದರೆ ಇನ್ನೂ ಉತ್ತಮ.

ಇಷ್ಟು ಚಿಕ್ಕ ವಸ್ತುವಿನ ಅಲಕ್ಷ್ಯದಿಂದ ಎಂತಹ ಅನರ್ಥವಾಗಬಹುದೆಂಬುದಕ್ಕೆ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ಬಹುಮಹಡಿಯ ವಸತಿಸಮೂಹದ ಸಂಗತಿಯನ್ನು ಹೇಳಬೇಕು. ೨೦೦೩ ರಲ್ಲಿ ಸಾರ್ಸ್ ಎಂಬ ಶ್ವಾಸರೋಗ ಹಬ್ಬಿದಾಗ ಆ ಒಂದು ಸಮೂಹದಲ್ಲಿಯೇ ೩೦೦ ಕ್ಕೂ ಹೆಚ್ಚು ಜನರು ಅದಕ್ಕೆ ತುತ್ತಾದರು. ಅಲ್ಲಿಯ ಆರೋಗ್ಯಾಧಿಕಾರಿಗಳು ವಿಚಾರಿಸಲಾಗಿ, ಬಚ್ಚಲುಮನೆಯ ನೆಲದ ಟ್ರ್ಯಾಪುಗಳ ಮೇಲೆ ಸಂದೇಹ ಬಲವಾಯಿತು. ಜನರು ನೆಲವನ್ನು ನೀರು ಸುರಿದು ತೊಳೆಯುವುದನ್ನು ಬಿಟ್ಟು ಬಟ್ಟೆಯಿಂದ ಒರಸುತ್ತಿದ್ದುದರಿಂದ ಆ ಬಾಗುಗಳು ಒಣಗಿದ್ದುವು. ರೋಗಾಣುಗಳು ಕೊಳವೆಯ ಗಾಳಿಯೊಡನೆ ಮನೆಯಿಂದ ಮನೆಗೆ ಸೇರಿದುವೆಂದು ಅವರು ಅಭಿಪ್ರಾಯಪಟ್ಟರು.

ಇನ್ನು ಖಾನೆಗಳ ವಿಚಾರ. ಖಾನೆಯು ಮುಂದಕ್ಕೆ ಬರುತ್ತದೆ, ಹಿಂದಕ್ಕೆ ಹೋಗುತ್ತದೆ. ಮೇಲೆ ಕೆಳಗೆ ಚಲಿಸುವುದಿಲ್ಲ. ಪೈಪಾದರೋ ನಿಂತಲ್ಲಿಯೇ ನಿಂತಿರುತ್ತದೆ. ಈ ಎರಡು ಮಾತುಗಳಲ್ಲಿಯೇ ಎಲ್ಲ ಉಪಾಯವೂ ಅಡಗಿದೆ. ಮೇಲಿನ ಖಾನೆಯ ನಡುವೆ ಪೈಪಿಗಾಗಿ ಕೆಲವರು ದುಂಡಗೆ ರಂಧ್ರವನ್ನು ಕೊರೆಯುತ್ತಾರೆ. ಆಗ ಪೈಪು ಗೂಟವಾಗಿ, ಖಾನೆಯು ಕಟ್ಟಿಹಾಕಿದ ಕರುವಾಗಿ, ಎಳೆದರೆ ಒಂದು ಅಂಗುಲವೂ ಬರುವುದಿಲ್ಲ. ಕತ್ತರಿಸತಕ್ಕದ್ದು ರಂಧ್ರವನ್ನಲ್ಲ, ಹಿಂಬದಿಗೆ ತೆರೆದಿರುವ ಕಚ್ಚನ್ನು. ಕುದುರೆಯ ಲಾಳದ ಆಕಾರದಲ್ಲಿ, ಬಾಯಿ ಗೋಡೆಯ ಕಡೆಗೆ ಇರುವಂತೆ ಕತ್ತರಿಸಿ, ಆ ಕಚ್ಚಿನ ಸುತ್ತಲೂ ಪಟ್ಟಿ ಕಟ್ಟಿದರೆ, ಖಾನೆಯನ್ನು ಎಳೆದಾಗ ಪೈಪು ಹಿಂದಿನಿಂದ ಸಲೀಸಾಗಿ ಹೊರಬೀಳುತ್ತದೆ. ಎರಡು ಪಕ್ಕಗಳಲ್ಲಿ ಸಣ್ಣ ಸಾಮಾನುಗಳಿಗೆ ಸ್ಥಳ ಉಳಿಯುತ್ತದೆ. ಕೆಳಗಿನ ಖಾನೆಯನ್ನು ಪೂರ್ಣವಾಗಿಯೇ ಮಾಡಿ, ಗೋಡೆಯ ಕಡೆ ಮಾತ್ರ ಒಂದು ಗೇಣು ಗಿಡ್ಡ ಮಾಡಿದರೆ, ಪೈಪು ಆ ಸಂದಿಯಲ್ಲಿ ಇಳಿಯಬಹುದು. ಬೆಂಕಿಪೊಟ್ಟಣವನ್ನೂ ಒಂದು ಪೆನ್ಸಿಲನ್ನೂ ಇಟ್ಟುಕೊಂಡು ಮಕ್ಕಳು ಇದನ್ನು ಮಾಡಿ ನೋಡಲಿ. ರೇಖಾಗಣಿತದ ಒಂದು ಪಾಠವಾದೀತು.

ಮೇಲಿನ ಖಾನೆಯಲ್ಲಿ ಅಷ್ಟು ಸ್ಥಳ ಕಳೆದುಕೊಳ್ಳಲು ಇಷ್ಟವಿಲ್ಲದವರಿಗೆ ಇನ್ನೊಂದು ಮಾರ್ಗವಿದೆ. ಬೇಸಿನ್ನಿನ ಅಡಿಯಲ್ಲಿಯೇ ಪೈಪನ್ನು ಗೋಡೆಯ ಕಡೆಗೆ ತಿರುಗಿಸಿ, ಟ್ರ್ಯಾಪನ್ನು ಗೋಡೆಗೆ ಅಂಟಿದಂತೆ ಕೂಡಿಸುವುದು. ಹೀಗೆ ಅಡ್ಡಲಾಗಿ ಹೋಗುವ ತುಂಡಿಗೆ ಮೀಟರಿಗೆ ಸುಮಾರು ೨೦ ಮಿ.ಮೀ.ನಂತೆ ಇಳಿಜಾರು ಇರಬೇಕು. ಗೋಡೆಯು ೨೫೦ ಮಿ.ಮೀ. ದೂರದಲ್ಲಿದ್ದರೆ ಇಳಿಯಬೇಕಾದುದು ೫ ಮಿ.ಮೀ. ಮಾತ್ರ. ಟ್ರ್ಯಾಪಿನಿಂದ ಮುಂದಕ್ಕೆ ಹೋಗುವ ಪೈಪಿಗಂತೂ ಇಳಿಜಾರು ಹೆಚ್ಚಿದಷ್ಟೂ ಒಳ್ಳೆಯದೆಂಬ ಭ್ರಮೆ ಬೇಡ. ಕಡಿದಾದ ಸಣ್ಣ ಪೈಪಿನಲ್ಲಿ ನೀರು ತುಂಬಿ ಓಡುವಾಗ ತನ್ನ ಹಿಂದೆ ಟ್ರ್ಯಾಪಿನ ನೀರನ್ನೂ ಸೆಳೆದುಕೊಂಡು ಹೋಗುತ್ತದೆ. ನೆಲಕ್ಕೆ ನೆಟ್ಟಗೆ ಇಳಿಯುವ ಪೈಪಿಗಿಂತ ಗೋಡೆಯೊಳಕ್ಕೆ ಹೋಗುವ ಪೈಪಿನಲ್ಲಿ ಈ ಭಯ ಕಡಿಮೆ.

ನಮ್ಮ ಊರುಗಳಲ್ಲಿ ಹೆಚ್ಚಾಗಿ ಕಾಣುವುದು ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಪೈಪು. ಪ್ಲಂಬರನು ಅದನ್ನು ಒಂದು ಸುತ್ತು ಬಳಸಿ ತಂತಿಯಿಂದ ಬಿಗಿಯುತ್ತಾನೆ; ಅದೇ ಅದರ ಟ್ರ್ಯಾಪ್. ಬಡಗಿಗೆ ಆ ಸುತ್ತಿನ ಅರ್ಥ ಗೊತ್ತಿಲ್ಲ. ಖಾನೆಗೆ ತಾಗುತ್ತದೆಂದು ತಂತಿಯನ್ನು ಬಿಚ್ಚಿ ನೆಟ್ಟಗೆ ಮಾಡುತ್ತಾನೆ. ಅದರ ತುದಿಯು ನಹಾನಿ ಟ್ರ್ಯಾಪಿನಲ್ಲಿ, ಜಾಲರಿಯ ಕೆಳಗೆ ನೀರಿನ ಮೇಲೆ, ಬೀಳುತ್ತಿದ್ದರೆ ಅಷ್ಟು ಕೇಡಿಲ್ಲ. ಅಲ್ಲಿ ಇನ್ನೊಂದು ಬಾಗಿಲಿದೆ. ನೇರವಾಗಿ ಚರಂಡಿಯ ಪೈಪಿಗೆ ಸೇರಿದ್ದರೆ ಮನೆಗೂ ಗುಂಡಿಗೂ ನಡುವೆ ಏನೂ ಉಳಿಯಲಿಲ್ಲ. ಸುಕ್ಕುಗಳಲ್ಲಿ ಕೊಳೆ ಕೂರುವುದು ಬೇರೆ. ಸ್ವಲ್ಪ ಹೆಚ್ಚು ಹಣವಾದರೂ ಅಡಿಯ ಬಟ್ಟಲನ್ನು ಕೈಯಿಂದಲೇ ತಿರುಗಿಸಿ ಬಿಚ್ಚಬಹುದಾದ ಬಾಟಲ್ ಟ್ರ್ಯಾಪ್ ವಾಸಿ. ನಮ್ಮ ಬೋರಿನ ನೀರು ಗಡಸು. ಮರೆಗಳಲ್ಲಿ ಸುಣ್ಣದಂತಹ ಕರೆ ಕಟ್ಟುವುದರಿಂದ ವರ್ಷಕ್ಕೆ ಎರಡು ಸಾರಿಯಾದರೂ ಬಿಚ್ಚಿ ತೊಳೆಯಬೇಕು. ಆದುದರಿಂದ ಖಾನೆಯನ್ನು ಪೂರ್ತಿಯಾಗಿ ಹೊರತೆಗೆಯಲು ಬರುವಂತಿರಬೇಕು. ಬಟ್ಟಲಿನ ಕೆಳಗೆ ಕೈ ಆಡುವಷ್ಟು ಸ್ಥಳವೂ ಬೇಕು. ನಮ್ಮನ್ನು ಕೇಳಿದರೆ, ಚಿಕ್ಕ ಬಚ್ಚಲುಮನೆಯಲ್ಲಿ ಬೇಸಿನ್ನಿನ ಅಡಿಯನ್ನು ತೆರೆದೇ ಬಿಟ್ಟು ಖಾನೆಗಳನ್ನು ಬೇರೆ ಗೋಡೆಗೆ ಮಾಡಿಸಿರಿ ಎನ್ನುತ್ತೇವೆ. ಆದರೆ ಗೃಹಿಣಿಯರ ಅನುಕೂಲವನ್ನು ನಾವು ನಿರ್ಣಯಿಸಲಾಗದು.

ಕೆಲಸದ ಕ್ರಮವೂ ಮುಖ್ಯ. ಮೊದಲು ಬೇಸಿನ್ನು, ಆಮೇಲೆ ಪೈಪು, ಆಮೇಲೆ ನೀರಿನ ಪರೀಕ್ಷೆ, ಕೊನೆಗೆ ಬಡಗಿಯ ಅಳತೆ. ಪರೀಕ್ಷೆಗೆ ಬೇಸಿನ್ನಿನ ಬಾಯಿಯನ್ನು ಮುಚ್ಚಿ, ತುಂಬ ನೀರು ಹಿಡಿದು, ಒಮ್ಮೆಲೇ ಬಿಡಬೇಕು. ಒಣಗಿದ ವೃತ್ತಪತ್ರಿಕೆಯ ಚೂರಿನಿಂದ ಪ್ರತಿಯೊಂದು ಸಂಧಿಯನ್ನೂ ಒರಸಿ ನೋಡಿದರೆ ಕಣ್ಣಿಗೆ ಕಾಣದ ತೇವವೂ ಕಾಗದದಲ್ಲಿ ಕಾಣುತ್ತದೆ. ನೀರೆಲ್ಲ ಹೋದ ಮೇಲೆ ಕಿವಿಗೊಟ್ಟು ಕೇಳಿರಿ. ಕೊನೆಯಲ್ಲಿ ಗೊಟಗೊಟ ಎಂದು ದೊಡ್ಡ ಸಪ್ಪಳವಾದರೆ ಟ್ರ್ಯಾಪಿನ ನೀರು ಹೀರಲ್ಪಡುತ್ತಿದೆಯೆಂದು ಸಂದೇಹಪಡಬೇಕು. ಬಡಗಿಯನ್ನು ಕರೆಯುವ ಮೊದಲು ಪ್ಲಂಬರನನ್ನು ಇನ್ನೊಮ್ಮೆ ಕರೆಯಿರಿ.

ಎಲ್ಲವೂ ಸರಿಯಾಗಿದ್ದರೂ ನಮ್ಮ ಸೀಮೆಯ ಬೇಸಿಗೆ ಒಂದಿದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಮನೆಗೆ ಬೀಗ ಹಾಕಿಕೊಂಡು ಊರಿಗೆ ಹೋದವರು ಜೂನಿನಲ್ಲಿ ಬಾಗಿಲು ತೆರೆದಾಗ ಬರುವ ಕೆಟ್ಟ ವಾಸನೆಗೆ ಅನೇಕ ವೇಳೆ ಒಣಗಿದ ಟ್ರ್ಯಾಪೇ ಕಾರಣ. ಹೊರಡುವ ದಿನ ಬೇಸಿನ್ನಿಗೂ ನೆಲದ ಜಾಲರಿಗೂ ಒಂದೊಂದು ಚೊಂಬು ನೀರು ಹಾಕಿ, ಅದರ ಮೇಲೆ ಒಂದು ಚಮಚ ಎಣ್ಣೆಯನ್ನು ಬಿಡಿರಿ. ಎಣ್ಣೆಯು ನೀರಿನ ಮೇಲೆ ತೆಳುವಾಗಿ ಹರಡಿ ಅದು ಆವಿಯಾಗುವುದನ್ನು ತಡೆಯುತ್ತದೆ. ಹಿಂದಿರುಗಿದ ಕೂಡಲೇ ಕಿಟಕಿಯನ್ನು ತೆರೆದು, ಎರಡಕ್ಕೂ ಮತ್ತೆ ಒಂದೊಂದು ಚೊಂಬು ನೀರು ಸುರಿದರಾಯಿತು.